ಮೊದಲ ಫೋನಿನ ಗುಟ್ಟು ಲೀಕ್ ಆಗಿತ್ತಾ? ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಥೆ

ಈಗ ಹೊಸ ಫೋನ್ ಬಿಡುಗಡೆಯಾಗುವ ಹೊತ್ತಿಗೆ ಅದರಲ್ಲಿ ಹೊಸದು ಅನ್ನೋದು ಏನೂ ಉಳಿದಿರೋದಿಲ್ಲ. ಕ್ಯಾಮೆರಾ ಎಂಥದು, ಬ್ಯಾಟರಿ ಎಷ್ಟು, ಬಣ್ಣ ಯಾವುದು, ರೇಟ್ ಎಷ್ಟು, ಎಲ್ಲಾ ಮೊದಲೇ ಲೀಕ್ ಆಗಿರುತ್ತದೆ. ಕವರ್ ಮಾಡುವವರ ಕೈಗೆ ಹೋದ ಅಳತೆ, ಬಿಐಎಸ್ ಪಟ್ಟಿಯಲ್ಲಿ ಕಂಡ ಮಾಡೆಲ್ ನಂಬರ್, ಇಷ್ಟು ಸಾಕು. 2010ರಲ್ಲಂತೂ ಐಫೋನ್ 4ರ ಪ್ರೋಟೋಟೈಪನ್ನೇ ಆಪಲ್ ಎಂಜಿನಿಯರೊಬ್ಬರು ಕ್ಯಾಲಿಫೋರ್ನಿಯಾದ ಬಾರೊಂದರಲ್ಲಿ ಬಿಟ್ಟು ಬಂದಿದ್ದರು. ಅಂಕಲಗಿಯ ಮೊಬೈಲ್ ಅಂಗಡಿಗೆ ಫೋನ್ ಬರೋದಕ್ಕಿಂತ ಮೊದಲು ಅದರ ಜಾತಕ ನಮ್ಮ ಹಾಸ್ಟೆಲಿಗೆ ಬಂದಿರುತ್ತದೆ ನೋಡ್ರಿ.

ಆದರೆ ಲೀಕ್ ಕಥೆ ಸ್ಮಾರ್ಟ್‌ಫೋನಿನಿಂದ ಶುರುವಾದದ್ದಲ್ಲ. ಫೋನ್ ಹುಟ್ಟಿದ ವರ್ಷವೇ ಅದರ ಬೆನ್ನಿಗೆ ಒಂದು ಲೀಕ್ ಅಂಟಿಕೊಂಡಿತು. ಅದನ್ನು ಜೀವನಪೂರ್ತಿ ಹೊತ್ತವರು, ನಾವೆಲ್ಲ ಪಾಠದಲ್ಲಿ ಒಂದೇ ಸಾಲಿನಲ್ಲಿ ಓದಿ ಮುಗಿಸಿದ ಅಲೆಕ್ಸಾಂಡರ್ ಗ್ರಹಾಂ ಬೆಲ್.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಅಜ್ಜ, ಅಪ್ಪ ಇಬ್ಬರದೂ ಮಾತಿನ ಉಚ್ಚಾರ ಕಲಿಸುವ ವೃತ್ತಿ. ಯಾವ ಶಬ್ದಕ್ಕೆ ನಾಲಿಗೆ, ತುಟಿ, ಗಂಟಲು ಹೇಗೆ ನಿಲ್ಲುತ್ತವೆ ಅಂತ ಬರೆದು ತೋರಿಸುವ ಲಿಪಿಯನ್ನೇ ಅಪ್ಪ ಮೆಲ್ವಿಲ್ ಬೆಲ್ ಕಟ್ಟಿದ್ದರು. ತಾಯಿಗೆ ಕಿವಿ ಮಂದ. ಹೀಗೆ ಆ ಮನೆಯಲ್ಲಿ ಶಬ್ದ ಅನ್ನೋದು ದಿನಾ ಯೋಚನೆ ಮಾಡಬೇಕಾದ ವಿಷಯವಾಗಿತ್ತು. ಕ್ಷಯರೋಗ ಮೊದಲು ತಮ್ಮನನ್ನು, ಆಮೇಲೆ ಅಣ್ಣನನ್ನು ಒಯ್ದಿತು. ಉಳಿದ ಒಬ್ಬ ಮಗನಾದರೂ ಬದುಕಲಿ ಅಂತ ತಂದೆತಾಯಿ 1870ರಲ್ಲಿ ಕೆನಡಾಕ್ಕೆ ಹೊರಟರು. ಮರುವರ್ಷ ಬೆಲ್ ಅಮೆರಿಕದ ಬಾಸ್ಟನ್‌ಗೆ ಬಂದು ಕಿವುಡ ಮಕ್ಕಳಿಗೆ ಮಾತು ಕಲಿಸುವ ಮೇಷ್ಟ್ರಾದರು. ಅಲ್ಲಿ ಕಲಿಯಲು ಬಂದ ಮೇಬಲ್ ಹಬ್ಬರ್ಡ್ ಮುಂದೆ ಅವರ ಹೆಂಡತಿಯಾದರು. ಮೇಬಲ್ ತಂದೆ, ವಕೀಲರಾದ ಗಾರ್ಡಿನರ್ ಹಬ್ಬರ್ಡ್, ಬೆಲ್ ಪ್ರಯೋಗಗಳಿಗೆ ದುಡ್ಡು ಹಾಕಿದವರಲ್ಲಿ ಒಬ್ಬರು.

ಆಗ ಎಲ್ಲರ ತಲೆಯಲ್ಲಿ ಇದ್ದದ್ದು ಟೆಲಿಗ್ರಾಫ್. ಒಂದೇ ತಂತಿಯಲ್ಲಿ ಏಕಕಾಲಕ್ಕೆ ಹಲವು ಸಂದೇಶ ಕಳಿಸಿದವನು ಸಾಹುಕಾರ. ಬೆಲ್ ಬೇರೆ ಬೇರೆ ಸ್ವರಗಳ ಸಹಾಯದಿಂದ ಅದನ್ನು ಮಾಡಲು ಹೊರಟಿದ್ದರು. ಚಿಕಾಗೋದ ಎಲಿಷಾ ಗ್ರೇ ಅನ್ನುವ ಇನ್ನೊಬ್ಬ ಎಂಜಿನಿಯರ್ ಕೂಡ ಅದೇ ದಾರಿಯಲ್ಲಿದ್ದರು. 1875ರ ಜೂನ್ 2ರಂದು ಸಹಾಯಕ ಥಾಮಸ್ ವಾಟ್ಸನ್ ಸಿಕ್ಕಿಹಾಕಿಕೊಂಡ ಲೋಹದ ಪಟ್ಟಿಯೊಂದನ್ನು ಮೀಟಿದಾಗ, ಅದರ ಶಬ್ದ ತಂತಿಯ ಇನ್ನೊಂದು ತುದಿಯಲ್ಲಿದ್ದ ಬೆಲ್ ಕಿವಿಗೆ ಬಿತ್ತು. ಟೆಲಿಗ್ರಾಫ್ ಅಂದರೆ ಆನ್, ಆಫ್ ಅಷ್ಟೇ. ಇಲ್ಲಿ ಕರೆಂಟು ಕಡಿಯದೆ, ಶಬ್ದದ ಅಲೆಯಂತೆಯೇ ಏರುತ್ತ ಇಳಿಯುತ್ತ ಹರಿದಿತ್ತು. ಹಾಗಿದ್ದರೆ ಮಾತನ್ನೂ ಕಳಿಸಬಹುದಲ್ಲ!

ಗುಟ್ಟಿನ ಚಿಂತೆ ಶುರುವಾದದ್ದು ಇಲ್ಲಿಂದ. ಬೆಲ್ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ವಿಲಿಯಮ್ಸ್ ವರ್ಕ್‌ಶಾಪಿಗೆ ಬೇರೆ ಸಂಶೋಧಕರೂ ಬಂದುಹೋಗುತ್ತಿದ್ದರು. ಹಾಗಾಗಿ 1876ರ ಜನವರಿಯಲ್ಲಿ ಬೆಲ್ ಎಕ್ಸೆಟರ್ ಪ್ಲೇಸ್‌ನ ಬಾಡಿಗೆ ಕೋಣೆಗಳಿಗೆ ಕೆಲಸ ಸಾಗಿಸಿದರು. ಅರ್ಜಿ ಸಿದ್ಧವಿದ್ದರೂ ಸಲ್ಲಿಸದೆ ಕಾದರು. ಕಾರಣ, ಬ್ರಿಟನ್ನಿನ ಹಕ್ಕು. ಬೇರೆ ದೇಶದಲ್ಲಿ ಮೊದಲು ಹೊರಬಿದ್ದರೆ ಅಲ್ಲಿ ಪೇಟೆಂಟ್ ಕೈತಪ್ಪುವ ಭಯ. ಟೊರಾಂಟೊದ ಪತ್ರಿಕಾ ಮಾಲೀಕ ಜಾರ್ಜ್ ಬ್ರೌನ್ ಕಾಗದ ತೆಗೆದುಕೊಂಡು ಲಂಡನ್ನಿಗೆ ಹೋದರು, ಆದರೆ ಸಲ್ಲಿಸಲೇ ಇಲ್ಲ. ಇತ್ತ ಹಬ್ಬರ್ಡ್ ತಾಳ್ಮೆ ಮುಗಿಯಿತು. ಬೆಲ್ ಅವರನ್ನು ಕೇಳದೆಯೇ 1876ರ ಫೆಬ್ರುವರಿ 14ರಂದು ವಾಷಿಂಗ್ಟನ್ನಿನಲ್ಲಿ ಅರ್ಜಿ ಹಾಕಿಸಿಬಿಟ್ಟರು.

ಅದೇ ದಿನ ಅದೇ ಕಚೇರಿಗೆ ಎಲಿಷಾ ಗ್ರೇ ಅವರ ಕಾಗದವೂ ಬಂತು. ಅದು ಪೂರ್ಣ ಅರ್ಜಿ ಅಲ್ಲ, ಕೇವಿಯಟ್. ಅಂದ್ರೆ, ಇಂಥದ್ದೊಂದನ್ನು ಮಾಡುತ್ತಿದ್ದೇನೆ, ಇನ್ನೂ ಮುಗಿದಿಲ್ಲ ಅಂತ ಗುಟ್ಟಾಗಿ ನೋಂದಾಯಿಸುವ ಪತ್ರ. ಅದರಲ್ಲಿ ಗ್ರೇ ತೋರಿಸಿದ್ದು ನೀರಿನ ಟ್ರಾನ್ಸ್‌ಮಿಟರ್. ಮಾತಿಗೆ ನಡುಗುವ ಪೊರೆ, ಅದಕ್ಕೆ ಕಟ್ಟಿದ ತಂತಿ, ತಂತಿಯ ತುದಿ ದ್ರವದೊಳಗೆ. ತಂತಿ ಮೇಲೆ ಕೆಳಗೆ ಆಡಿದಂತೆ ರೆಸಿಸ್ಟೆನ್ಸ್ ಬದಲಾಗುತ್ತದೆ, ಕರೆಂಟು ಮಾತಿನ ಆಕಾರ ಪಡೆಯುತ್ತದೆ.

ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದದ್ದರಿಂದ ಪರೀಕ್ಷಕ ಜೀನಸ್ ವಿಲ್ಬರ್ ಬೆಲ್ ಅರ್ಜಿಯನ್ನು ತಡೆಹಿಡಿದರು. ಬೆಲ್ ವಕೀಲರು ವಾದಿಸಿ ಆ ತಡೆ ತೆಗೆಸಿದರು. ಫೆಬ್ರುವರಿ ಕೊನೆಗೆ ಬೆಲ್ ಸ್ವತಃ ವಾಷಿಂಗ್ಟನ್ನಿಗೆ ಹೋಗಿ ವಿಲ್ಬರ್ ಅವರನ್ನು ಕಂಡರು. ಮಾರ್ಚ್ 7ರಂದು 174465 ಸಂಖ್ಯೆಯ ಪೇಟೆಂಟ್ ಕೈಗೆ ಬಂತು. ಮೂರೇ ದಿನಕ್ಕೆ, ಮಾರ್ಚ್ 10ರಂದು, ಪಕ್ಕದ ಕೋಣೆಯಲ್ಲಿದ್ದ ವಾಟ್ಸನ್‌ಗೆ ಬೆಲ್ ಕರೆದದ್ದು ತಂತಿಯ ಮೂಲಕ ಸ್ಪಷ್ಟವಾಗಿ ಕೇಳಿಸಿತು. ಅವತ್ತು ಬಳಸಿದ್ದು ಎಂಥ ಟ್ರಾನ್ಸ್‌ಮಿಟರ್ ಗೊತ್ತೇನ್ರಿ? ಆಮ್ಲ ಬೆರೆಸಿದ ನೀರಿನದು!

ಅನುಮಾನ ಹುಟ್ಟಲು ಇಷ್ಟು ಸಾಕಾಯಿತು. ಡಿಕ್ಕಿಯಾದ ಭಾಗ ಯಾವುದು ಅಂತ ವಿಲ್ಬರ್ ತನ್ನ ಅರ್ಜಿಯಲ್ಲೇ ಒಂದು ಪ್ಯಾರಾ ತೋರಿಸಿದ್ದನ್ನು ಬೆಲ್ ಕೂಡ ಒಪ್ಪಿಕೊಂಡಿದ್ದರು. ಆದರೆ ಗ್ರೇ ಕಾಗದ ನೋಡಿದೆ ಅಂತ ಎಂದೂ ಒಪ್ಪಲಿಲ್ಲ. 1886ರಲ್ಲಿ ವಿಲ್ಬರ್ ಅಫಿಡವಿಟ್ ಮಾಡಿ ಬಾಂಬ್ ಹಾಕಿದರು: ತಾನು ಬೆಲ್ ವಕೀಲರಲ್ಲಿ ಒಬ್ಬರಿಗೆ ಸಾಲಗಾರನಾಗಿದ್ದೆ, ಕೇವಿಯಟ್ಟನ್ನು ಬೆಲ್‌ಗೆ ತೋರಿಸಿದೆ, ಅವರಿಂದ 100 ಡಾಲರ್ ಪಡೆದೆ ಅನ್ನುವುದು ಅದರ ಸಾರ. ಬೆಲ್ ಪ್ರಮಾಣ ಮಾಡಿ ಅಲ್ಲಗಳೆದರು. ಇದೇ ವಿಲ್ಬರ್ ಅದಕ್ಕೂ ಮೊದಲು ಇದಕ್ಕೆ ತದ್ವಿರುದ್ಧವಾದ ಅಫಿಡವಿಟ್ ಕೊಟ್ಟಿದ್ದರು. ಬೆಲ್ ಪರ ಇನ್ನೊಂದು ಮಾತೂ ಇದೆ: 1876ರ ಜೂನ್‌ನಲ್ಲಿ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ, ಬ್ರೆಜಿಲ್ ಚಕ್ರವರ್ತಿಯ ಎದುರು ಅವರು ಮಾತು ಕೇಳಿಸಿದ್ದು ತಮ್ಮದೇ ವಿದ್ಯುತ್ಕಾಂತದ ಟ್ರಾನ್ಸ್‌ಮಿಟರಿನಿಂದ, ನೀರಿನದರಿಂದ ಅಲ್ಲ.

ಅವತ್ತು ಯಾರು ಮೊದಲು ಕೌಂಟರಿಗೆ ಓಡಿದರು ಅನ್ನೋದನ್ನೇ ಜನ ಹೆಚ್ಚು ಹೇಳುತ್ತಾರೆ. ನಿಜಕ್ಕೂ ಆಗಿನ ಅಮೆರಿಕದ ಕಾನೂನು ಮೊದಲು ಕಂಡುಹಿಡಿದವರನ್ನು ನೋಡುತ್ತಿತ್ತು, ಮೊದಲು ಕಾಗದ ಕೊಟ್ಟವರನ್ನಲ್ಲ. ಹಾಗಾಗಿ ಗಂಟೆಗಳ ಅಂತರಕ್ಕಿಂತ, ಮುಚ್ಚಿಡಬೇಕಾದ ಕಾಗದವನ್ನು ಯಾರು ನೋಡಿದರು ಅನ್ನೋದೇ ದೊಡ್ಡ ಪ್ರಶ್ನೆ.

ಬೆಲ್ ಕಂಪನಿ ಸುಮಾರು 600 ಮೊಕದ್ದಮೆ ಎದುರಿಸಿತು. 1888ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪೇಟೆಂಟನ್ನು ಎತ್ತಿಹಿಡಿಯಿತು, ಅದೂ 4ಕ್ಕೆ 3ರ ಬಹುಮತದಿಂದ. ಗೆದ್ದರೂ ಅನುಮಾನ ತೊಳೆದುಹೋಗಲಿಲ್ಲ. ಇವತ್ತಿಗೂ ಇದರ ಮೇಲೆ ಪುಸ್ತಕ ಬರೆಯುವವರಿದ್ದಾರೆ. ಗ್ರೇ 1901ರಲ್ಲಿ ಅದೇ ಕಹಿಯಲ್ಲಿ ತೀರಿಕೊಂಡರು.

ಬೆಲ್ ಮದುವೆಯ ಕಾಣಿಕೆಯಾಗಿ ಹತ್ತು ಬಿಟ್ಟು ತಮ್ಮ ಎಲ್ಲ ಷೇರುಗಳನ್ನು ಮೇಬಲ್‌ಗೆ ಕೊಟ್ಟು, ವ್ಯಾಪಾರದಿಂದ ದೂರ ಸರಿದರು. 1880ರಲ್ಲಿ ಬೆಳಕಿನ ಕಿರಣದ ಮೇಲೆ ಮಾತು ಕಳಿಸಿದರು. ಆದರೆ ಕಲಿತ ಪಾಠ ಮರೆಯಲಿಲ್ಲ. 1881ರಲ್ಲಿ ಅವರ ತಂಡ ಧ್ವನಿಮುದ್ರಣ ಯಂತ್ರವನ್ನು ಪೆಟ್ಟಿಗೆಯಲ್ಲಿ ಹಾಕಿ, ಸೀಲ್ ಮಾಡಿ, ಸ್ಮಿತ್‌ಸೋನಿಯನ್ ಸಂಸ್ಥೆಗೆ ಒಪ್ಪಿಸಿತು. ನಾಳೆ ಯಾರಾದರೂ ತಕರಾರು ಎತ್ತಿದರೆ ಸಾಕ್ಷಿ ಇರಲಿ ಅಂತ. ಆ ಪೆಟ್ಟಿಗೆ ತೆರೆದದ್ದು 1937ರಲ್ಲಿ. ಬೆಲ್ 1922ರ ಆಗಸ್ಟ್ 2ರಂದೇ ತೀರಿಕೊಂಡಿದ್ದರು. ಅಂತ್ಯಕ್ರಿಯೆಯ ಹೊತ್ತಿಗೆ ಉತ್ತರ ಅಮೆರಿಕದ ಫೋನ್‌ಗಳು ಒಂದು ನಿಮಿಷ ಸುಮ್ಮನಾದವು.

ಇದರಲ್ಲಿ ನಮಗೇನು ಅಂತೀರಾ? ಕಂಪನಿಯ ಫೋನ್ ಲೀಕ್ ಆದರೆ ಅದರ ಪ್ರಚಾರಕ್ಕೆ ಒಂದಿಷ್ಟು ಪೆಟ್ಟು, ಕೆಲವೊಮ್ಮೆ ಅದೇ ಪುಕ್ಕಟೆ ಪ್ರಚಾರ. ಆದರೆ ಅಂಕಲಗಿಯ ಒಬ್ಬ ವಿದ್ಯಾರ್ಥಿನಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಕಬ್ಬಿನ ಕಣ್ಣು ಕತ್ತರಿಸುವ ಹೊಸ ಯಂತ್ರ ಮಾಡಿದಳು ಅಂದುಕೊಳ್ಳಿ. ಖುಷಿಗೆ ಅದರ ಒಳಗಿನ ಜೋಡಣೆ ಪೂರಾ ಕಾಣುವ ರೀಲ್ಸ್ ಹಾಕಿದಳು. ನಮ್ಮ ದೇಶದ ಕಾನೂನಿನಲ್ಲಿ ಪೇಟೆಂಟ್ ಸಿಗಬೇಕಾದರೆ ಸಂಗತಿ ಹೊಸದಾಗಿರಬೇಕು. ಅರ್ಜಿಗೆ ಮೊದಲು ಜಗತ್ತಿಗೆಲ್ಲ ತೋರಿಸಿಬಿಟ್ಟರೆ ಆ ಹೊಸತನ ನಾವೇ ಕಳಕೊಂಡ ಹಾಗೆ. ಸರ್ಕಾರ ಅಧಿಸೂಚಿಸಿದ ಪ್ರದರ್ಶನದಂಥ ಕೆಲವು ಕಡೆ ತೋರಿಸಿದರೆ 12 ತಿಂಗಳ ರಿಯಾಯಿತಿ ಉಂಟು, ರೀಲ್ಸಿಗೆ ಇಲ್ಲ.

ಅದಕ್ಕೆ ದಾರಿಯೂ ಇದೆ. ಕೆಲಸ ಪೂರ್ತಿ ಮುಗಿಯುವ ಮೊದಲೇ ಪ್ರಾವಿಷನಲ್ ಅರ್ಜಿ ಹಾಕಿ ದಿನಾಂಕ ಹಿಡಿದಿಟ್ಟುಕೊಳ್ಳಬಹುದು, ಪೂರ್ಣ ವಿವರ ಕೊಡಲು 12 ತಿಂಗಳು ಸಮಯ. ದಿನಾಂಕ ಹಾಕಿ, ಗೈಡ್ ಸಹಿ ಮಾಡಿಸಿದ ಒಂದು ನೋಟ್‌ಬುಕ್ ಇಡಿ. ಯಾರಿಗೆ ಏನು ತೋರಿಸಿದಿರಿ ಅಂತಲೂ ಅದರಲ್ಲೇ ಬರೆಯಿರಿ. ಇನ್ನೊಬ್ಬರ ಪ್ರಾಜೆಕ್ಟ್ ಫೈಲ್ ನಿಮ್ಮ ಕೈಗೆ ಬಂದರೆ, ತೆರೆಯದೆ ವಾಪಸ್ ಕೊಡಿ. ಬೆಲ್ ಕೋರ್ಟಿನಲ್ಲಿ ಗೆದ್ದರು. ಆದರೂ ಅವರು ಕಾಗದ ನೋಡಿದ್ದರೋ ಇಲ್ಲವೋ ಅಂತ 140 ವರ್ಷ ಆದಮೇಲೂ ಜನ ಕೇಳುತ್ತಲೇ ಇದ್ದಾರೆ.