ಬಿಸಿಯ ಜೊತೆ ಬದುಕಿಡೀ ಗುದ್ದಾಡಿದ ಸೇಮರ್ ಕ್ರೇ

ಕಳೆದ ಸೆಮಿಸ್ಟರ್ ಕೊನೆಯಲ್ಲಿ ನಮ್ಮ ಹಾಸ್ಟೆಲ್ ರೂಮಿನ ಡೆಸ್ಕ್‌ಟಾಪ್‌ಗೆ ವಿಚಿತ್ರ ಕಾಯಿಲೆ ಬಂತು. ರಿಪೋರ್ಟ್ ಟೈಪ್ ಮಾಡಿದ್ರೆ ಏನೂ ತೊಂದರೆ ಇಲ್ಲ, ಸಿನಿಮಾ ನೋಡಿದ್ರೂ ಇಲ್ಲ. ಗೇಮ್ ಶುರು ಮಾಡಿ ಇಪ್ಪತ್ತು ನಿಮಿಷ ಆಗೋದೇ ತಡ, ಪರದೆ ಕಲ್ಲಿನ ಹಾಗೆ ನಿಂತುಬಿಡೋದು, ಒಳಗಿಂದ ಬೀಪ್ ಬೀಪ್ ಅಂತ ಕೂಗು. ವಿಂಡೋಸ್ ಹೊಸದಾಗಿ ಹಾಕಿದೆವು, ಡ್ರೈವರ್ ಬದಲಿಸಿದೆವು, ರ‍್ಯಾಮ್ ಕಿತ್ತು ಒರೆಸಿ ಮತ್ತೆ ಕೂರಿಸಿದೆವು. ಎಲ್ಲರೂ ದುಡ್ಡು ಹಾಕಿ ಹೊಸ ಗ್ರಾಫಿಕ್ಸ್ ಕಾರ್ಡ್ ತರೋದು ಅಂತ ತೀರ್ಮಾನವೂ ಆಗಿತ್ತು. ಕೊನೆಗೆ ಕ್ಯಾಬಿನೆಟ್ ಬಿಚ್ಚಿ ನೋಡಿದರೆ ಪ್ರೊಸೆಸರ್ ಮೇಲಿನ ಹೀಟ್‌ಸಿಂಕಿನಲ್ಲಿ ಎರಡು ವರ್ಷದ ಧೂಳು ಕಂಬಳಿ ಹೊದ್ದಂತೆ ಕೂತಿತ್ತು, ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಆ ಬೀಪ್ ಬೇರೇನೂ ಅಲ್ಲ, ಒಳಗೆ ತಡೆಯಲಾರದಷ್ಟು ಬಿಸಿಯಾಗಿದೆ ಅಂತ ಮದರ್‌ಬೋರ್ಡ್ ಕೊಡುತ್ತಿದ್ದ ಎಚ್ಚರಿಕೆ.

ಇದೇ ಕಾಯಿಲೆಗೆ ಮದ್ದು ಹುಡುಕುತ್ತಾ ನಲವತ್ತಕ್ಕೂ ಹೆಚ್ಚು ವರ್ಷ ಕಳೆದ ಒಬ್ಬ ಎಂಜಿನಿಯರ್ ಇದ್ದರು. ಸೂಪರ್‌ ಕಂಪ್ಯೂಟರ್‌ಗಳ ಪಿತಾಮಹ ಅಂತಲೇ ಹೆಸರಾದ ಸೇಮರ್ ಕ್ರೇ. ಈ ಸಂಚಿಕೆಯಲ್ಲಿ ಅವರ ಕಥೆ ಹೇಳೋಣ ಅನ್ನಿಸಿತು.

ಕ್ರೇ ಹುಟ್ಟಿದ್ದು 1925ರ ಸೆಪ್ಟೆಂಬರ್ 28ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ಸಿವಿಲ್ ಎಂಜಿನಿಯರ್. ಹುಡುಗ ಹತ್ತು ವರ್ಷದವನಿದ್ದಾಗಲೇ ಆಟಿಕೆಯ ಬಿಡಿಭಾಗ ಜೋಡಿಸಿ, ತೂತು ಕೊರೆದ ಕಾಗದದ ಪಟ್ಟಿಯನ್ನು ಮೋರ್ಸ್ ಸಂಕೇತವಾಗಿ ಬದಲಿಸುವ ಯಂತ್ರ ಮಾಡಿದ್ದನಂತೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ರೇಡಿಯೋ ವಿಭಾಗದಲ್ಲಿ ದುಡಿದು, ವಾಪಸ್ ಬಂದು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. ಆಮೇಲೆ 1951ರಲ್ಲಿ ಅನ್ವಯಿಕ ಗಣಿತದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು.

1957ರಲ್ಲಿ ವಿಲಿಯಂ ನಾರಿಸ್ ಮತ್ತು ಸಂಗಡಿಗರು ಕಂಟ್ರೋಲ್ ಡೇಟಾ ಕಂಪನಿ ಕಟ್ಟಿದರು. ಸ್ವಲ್ಪ ದಿನದಲ್ಲೇ ಕ್ರೇ ಅಲ್ಲಿಗೆ ಸೇರಿದರು. ಮೀಟಿಂಗು, ಮ್ಯಾನೇಜರುಗಳು ಅಂದ್ರೆ ಅವರಿಗೆ ಅಲರ್ಜಿ. ಕೊನೆಗೆ ಕಂಪನಿಯೇ ಅವರ ಹುಟ್ಟೂರಲ್ಲಿ ಒಂದು ಲ್ಯಾಬ್ ಕಟ್ಟಿಕೊಟ್ಟಿತು. ಅಲ್ಲಿಂದ ಬಂದಿದ್ದೇ 1964ರ ಸಿಡಿಸಿ 6600. ಆ ಕಾಲಕ್ಕೆ ಜಗತ್ತಿನ ಅತಿ ವೇಗದ ಕಂಪ್ಯೂಟರ್. ಅದನ್ನು ಮಾಡಿದ ತಂಡದಲ್ಲಿ ಇದ್ದವರು 34 ಜನ, ಕಸ ಗುಡಿಸುವವರನ್ನೂ ಸೇರಿಸಿ! ದೈತ್ಯ ಐಬಿಎಂ ಇಷ್ಟು ಸಣ್ಣ ತಂಡದ ಮುಂದೆ ಹೇಗೆ ಸೋತಿತು ಅಂತ ಅದರ ಮುಖ್ಯಸ್ಥ ಥಾಮಸ್ ವಾಟ್ಸನ್ ತನ್ನವರಿಗೆ ಸಿಟ್ಟಿನ ಪತ್ರ ಬರೆದದ್ದು ಈಗ ಇತಿಹಾಸ.

ಬಿಸಿಯ ಕಥೆ ಶುರುವಾಗೋದು ಇಲ್ಲಿಂದಲೇ. ವೇಗ ಬೇಕು ಅಂದ್ರೆ ತಂತಿಗಳು ಗಿಡ್ಡ ಇರಬೇಕು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕೇ ಸುಮಾರು 30 ಸೆಂಟಿಮೀಟರ್ ಹೋಗುತ್ತೆ, ತಂತಿಯಲ್ಲಿ ಸಿಗ್ನಲ್ ಇನ್ನೂ ನಿಧಾನ. ತಂತಿ ಗಿಡ್ಡ ಆಗಬೇಕಾದ್ರೆ ಬಿಡಿಭಾಗಗಳನ್ನು ಒತ್ತೊತ್ತಾಗಿ ತುರುಕಬೇಕು. ತುರುಕಿದರೆ ಬಿಸಿ ಹೊರಗೆ ಹೋಗಲು ದಾರಿ ಇರೋಲ್ಲ. ಹಾಗಾಗಿ 6600ರಲ್ಲಿ ಫ್ರಿಜ್ಜಿನಲ್ಲಿ ಬಳಸುವ ಫ್ರಿಯಾನನ್ನೇ ಕೊಳವೆಗಳಲ್ಲಿ ಹರಿಸಿದರು. ಆ ವ್ಯವಸ್ಥೆ ರೂಪಿಸಿದವರು ಡೀನ್ ರೌಶ್ ಅನ್ನೋ ಎಂಜಿನಿಯರ್.

ಎಲ್ಲ ಸಲವೂ ಗೆಲುವೇ ಸಿಗಲಿಲ್ಲ. 7600 ಆದ ಮೇಲೆ ಕೈಗೆತ್ತಿಕೊಂಡ 8600ರಲ್ಲಿ ನಾಲ್ಕು ಪ್ರೊಸೆಸರ್‌ಗಳನ್ನು ಸಣ್ಣ ಜಾಗದಲ್ಲಿ ಕೂರಿಸಲು ಹೊರಟರು. ಬಿಸಿ ಹೆಚ್ಚು, ಬೆಸುಗೆಗಳು ಹೆಚ್ಚು, ಎಲ್ಲೋ ಒಂದು ಕಡೆ ಕೈಕೊಟ್ಟರೆ ಇಡೀ ಯಂತ್ರ ನಿಂತಿತು. ವರ್ಷಗಟ್ಟಲೆ ಒದ್ದಾಡಿದರೂ ಅದು ನೆಟ್ಟಗಾಗಲಿಲ್ಲ. ಎಲ್ಲ ಬಿಟ್ಟು ಮೊದಲಿಂದ ಶುರು ಮಾಡ್ತೀನಿ ಅಂತ ಕ್ರೇ ಕೇಳಿದರು, ಕಂಪನಿ ಹತ್ತಿರ ದುಡ್ಡಿರಲಿಲ್ಲ. 1972ರಲ್ಲಿ ಅವರು ಹೊರಬಂದು ಕ್ರೇ ರಿಸರ್ಚ್ ಶುರು ಮಾಡಿದರು. ಜಗಳ ಮಾಡಿಕೊಂಡು ಬಿಟ್ಟಿದ್ದಲ್ಲ, ಹೊಸ ಕಂಪನಿಗೆ ಹಳೇ ಕಂಪನಿಯೇ ಒಂದಿಷ್ಟು ಬಂಡವಾಳ ಹಾಕಿತು.

1976ರಲ್ಲಿ ಬಂದ ಕ್ರೇ-1 ಫೋಟೋ ನೀವು ನೋಡಿರ್ತೀರಿ. ಇಂಗ್ಲಿಷಿನ ಸಿ ಅಕ್ಷರದ ಆಕಾರ, ಸುತ್ತಲೂ ಮೆತ್ತೆ ಹಾಕಿದ ಕಟ್ಟೆ. ನೋಡೋಕೆ ಸೋಫಾ ಥರ ಇದ್ದರೂ ಆ ಕಟ್ಟೆಯೊಳಗೆ ಇದ್ದದ್ದು ಪವರ್ ಸಪ್ಲೈ. ಸಿ ಆಕಾರ ಕೂಡ ಅಂದಕ್ಕಲ್ಲ, ಒಳಗಿನ ತಂತಿ ಯಾವುದೂ ನಾಲ್ಕು ಅಡಿ ಮೀರಬಾರದು ಅಂತ. 80 ಮೆಗಾಹರ್ಟ್ಸ್ ವೇಗ, ಐದು ಟನ್‌ಗೂ ಮಿಕ್ಕ ತೂಕ, ಸುಮಾರು 115 ಕಿಲೋವ್ಯಾಟ್ ವಿದ್ಯುತ್. ಒಂದೇ ಆದೇಶಕ್ಕೆ 64 ಸಂಖ್ಯೆಗಳ ಸಾಲನ್ನೇ ಲೆಕ್ಕ ಹಾಕುವ ವೆಕ್ಟರ್ ವಿಧಾನ ಅದರ ಬಲ. ನಾವು ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಮಾಡೋದೂ ಇದೇ ಜಾತಿಯ ಕೆಲಸ.

ಆ ಯಂತ್ರ ಹೊರಬರೋದು ಆರು ತಿಂಗಳು ತಡವಾಯ್ತು. ಕಾರಣ ಗೊತ್ತಾ? ಕೂಲಿಂಗೇ. ಕಂಪ್ರೆಸರ್ ಸಲೀಸಾಗಿ ಓಡಲಿ ಅಂತ ಫ್ರಿಯಾನ್ ಜೊತೆ ಬೆರೆಸಿದ ಎಣ್ಣೆ ಜಿನುಗಿ ಬೋರ್ಡುಗಳ ಮೇಲೆ ಕೂತು ಶಾರ್ಟ್ ಆಗುತ್ತಿತ್ತು. ಸರ್ಕ್ಯೂಟಿನಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಕೊಳವೆಯಲ್ಲಿ. ಹೊಸ ಬಗೆಯ ವೆಲ್ಡಿಂಗ್ ಕಲಿತು ಕೊಳವೆಗಳನ್ನು ಭದ್ರ ಮಾಡಿದ ಮೇಲೇ ಅದು ಸರಿಹೋದದ್ದು. ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಹೋದ ಮೊದಲ ಯಂತ್ರದಲ್ಲಿ ಮೆಮೊರಿ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಅಲ್ಲಿ ತಪ್ಪುಗಳು ಕಾಣಿಸಿದ ಮೇಲೆ ಮುಂದಿನ ಯಂತ್ರಗಳಿಗೆ ಅದನ್ನೂ ಸೇರಿಸಿದರು. ಮಾಡಿದ್ದನ್ನು ಬದಲಿಸಲು ಅವರು ನಾಚಿಕೊಳ್ಳಲಿಲ್ಲ.

1985ರ ಕ್ರೇ-2ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಡೀ ಸರ್ಕ್ಯೂಟನ್ನೇ ವಿದ್ಯುತ್ ಹರಿಸದ ಫ್ಲೋರಿನರ್ಟ್ ದ್ರವದಲ್ಲಿ ಮುಳುಗಿಸಿಬಿಟ್ಟರು! ತಲೆ ಓಡದಿದ್ದಾಗ ಮನೆ ಅಡಿಯಲ್ಲಿ ಸುರಂಗ ಅಗೆಯುತ್ತಿದ್ದರು ಅನ್ನೋ ಕಥೆಯೂ ಅವರ ಬಗ್ಗೆ ಪ್ರಸಿದ್ಧ.

ನಮ್ಮ ದೇಶಕ್ಕೂ ಅವರ ಕಂಪನಿಯ ನಂಟಿದೆ. 1980ರ ದಶಕದ ಕೊನೆಯಲ್ಲಿ ಹವಾಮಾನ ಮುನ್ಸೂಚನೆಗೆ ಅಂತ ದೆಹಲಿಗೆ ಬಂದದ್ದು ಕ್ರೇ ಎಕ್ಸ್-ಎಂಪಿ, ಅದೂ ಅಮೆರಿಕದ ಬಿಗಿ ಷರತ್ತುಗಳೊಂದಿಗೆ. ಕೇಳಿದ್ದು ಸಿಗದ ಆ ದಿನಗಳಲ್ಲೇ ಸಿ-ಡ್ಯಾಕ್ ಹುಟ್ಟಿ, 1991ರಲ್ಲಿ ಪರಮ್ 8000 ಬಂತು. ಅದಕ್ಕೂ ಮೊದಲೇ, 1986ರಲ್ಲಿ, ನಮ್ಮ ಬೆಂಗಳೂರಿನ ಎನ್‌ಎಎಲ್ ಫ್ಲೋಸಾಲ್ವರ್ ಕಟ್ಟಿತ್ತು.

ಕ್ರೇ ಅವರ ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. ಗ್ಯಾಲಿಯಂ ಆರ್ಸೆನೈಡ್ ಚಿಪ್ಪುಗಳ ಕ್ರೇ-3 ಮಾಡಿದರು, ಕೊಳ್ಳುವವರು ಸಿಗಲಿಲ್ಲ. 1995ರಲ್ಲಿ ಕಂಪನಿ ದಿವಾಳಿ. ಎಪ್ಪತ್ತು ವಯಸ್ಸು ದಾಟಿದ ಮನುಷ್ಯ 1996ರಲ್ಲಿ ಮತ್ತೊಂದು ಹೊಸ ಕಂಪನಿ ಶುರು ಮಾಡಿದರು. ಅದೇ ಸೆಪ್ಟೆಂಬರ್ 22ರಂದು ಕೊಲರಾಡೋದಲ್ಲಿ ಹೆದ್ದಾರಿ ಅಪಘಾತ. ಎರಡು ವಾರ ಆಸ್ಪತ್ರೆಯಲ್ಲಿದ್ದು ಅಕ್ಟೋಬರ್ 5ರಂದು ತೀರಿಕೊಂಡರು.

ಇವತ್ತು ನಮ್ಮ ಜೇಬಿನ ಫೋನು ಕ್ರೇ-1ಕ್ಕಿಂತ ಎಷ್ಟೋ ಪಟ್ಟು ವೇಗ. ಆದರೂ ಬಿಸಿಯ ಸಮಸ್ಯೆ ಹಾಗೇ ಇದೆ. ಆದ್ದರಿಂದ ನಿಮ್ಮ ಪಿಸಿ ಆಟದ ಮಧ್ಯೆ ನಿಂತು ಬೀಪ್ ಅಂದರೆ ಪರ್ಸ್ ತೆಗೆಯೋಕೆ ಮುಂಚೆ ಪ್ಲಗ್ ಕಿತ್ತು, ಕ್ಯಾಬಿನೆಟ್ ಬಿಚ್ಚಿ. ಫ್ಯಾನ್ ತಿರುಗುತ್ತಾ, ಧೂಳಿದೆಯಾ, ಪೇಸ್ಟ್ ಒಣಗಿದೆಯಾ ನೋಡಿ. ಅದೆಲ್ಲ ಸರಿ ಇದ್ದರೆ ಆಮೇಲೆ ಪವರ್ ಸಪ್ಲೈ, ರ‍್ಯಾಮ್. ಬೀಪ್ ಎಷ್ಟು ಸಲ ಬಂತು ಅಂತ ಎಣಿಸಿ ಮದರ್‌ಬೋರ್ಡಿನ ಕೈಪಿಡಿಯಲ್ಲಿ ಅರ್ಥ ಹುಡುಕಿ. ನಮ್ಮ ರೂಮಿನ ಪಿಸಿ ಈಗ ರಾತ್ರಿಯಿಡೀ ಓಡಿದರೂ ತೆಪ್ಪಗಿರುತ್ತೆ. ಗ್ರಾಫಿಕ್ಸ್ ಕಾರ್ಡಿಗೆ ಕೂಡಿಟ್ಟ ದುಡ್ಡು ಹಾಗೇ ಉಳಿದಿದೆ.