ನಜರೇತಿನ ಗೃಹಸ್ಥ ಸಂತ ಜೋಸೆಫರು

ಕ್ರಿ.ಪೂ. 4ರ ಸುಮಾರಿಗೆ ಹೆರೋದರಸನು ಗತಿಸಿದ ಬಳಿಕ ಸಂತ ಜೋಸೆಫರು ಮಾತೆ ಮರಿಯಮ್ಮನವರನ್ನೂ ಬಾಲಯೇಸುವನ್ನೂ ಕರೆದುಕೊಂಡು ಈಜಿಪ್ಟಿನಿಂದ ಸ್ವದೇಶಕ್ಕೆ ಮರಳಿದರು. ಜುದೇಯದಲ್ಲಿ ಹೆರೋದನ ಮಗನೇ ಆಳುತ್ತಿದ್ದುದರಿಂದ, ಮಗುವಿನ ರಕ್ಷಣೆಗಾಗಿ ಗಲಿಲೇಯದ ನಜರೇತಿನಲ್ಲಿ ನೆಲೆಸಿ, ಬಡಗಿ ಕೆಲಸದಿಂದ ಸಂಸಾರವನ್ನು ಸಾಗಿಸಿದರು.

ವರ್ಷಕ್ಕೊಮ್ಮೆ ಪಾಸ್ಕ ಹಬ್ಬಕ್ಕೆಂದು ಬಂಧುಮಿತ್ರರೊಡನೆ ಹಲವು ದಿನಗಳ ಹಾದಿ ನಡೆದು ಜೆರುಸಲೇಮಿಗೆ ಹೋಗುವುದು ಆ ಕುಟುಂಬದ ವಾಡಿಕೆಯಾಗಿತ್ತು. ಯೇಸುವಿಗೆ 12 ವರ್ಷವಾದಾಗ, ಹಿಂದಿರುಗುವ ಹಾದಿಯಲ್ಲಿ ಬಾಲಕನು ಕಾಣದಾದನು. ಮಾತಾಪಿತರು ಕಳವಳದಿಂದ ಹುಡುಕಿ, ಮೂರು ದಿನಗಳ ಮೇಲೆ ದೇವಾಲಯದಲ್ಲಿ ಕಂಡರು. ಅನಂತರ ಮೂವರೂ ನಜರೇತಿನ ನಿತ್ಯಜೀವನಕ್ಕೆ ಮರಳಿದರು.

ಜೋಸೆಫರ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಈ ಮೌನ ದುಡಿಮೆಗಾರರನ್ನೇ ಒಂಬತ್ತನೆಯ ಪಯಸ್ ಜಗದ್ಗುರುಗಳು 1870ರಲ್ಲಿ ವಿಶ್ವಧರ್ಮಸಭೆಯ ಪಾಲಕರೆಂದು ಘೋಷಿಸಿದರು. ನಾವೂ ನಮ್ಮ ಕುಟುಂಬಗಳನ್ನು ಅವರ ಆಶ್ರಯಕ್ಕೆ ಒಪ್ಪಿಸೋಣ.