ನೈಟಿಂಗೇಲಮ್ಮನವರೂ ಅವರ ತೀರದ ದಣಿವೂ

ದೀಪವನ್ನು ಹಿಡಿದುಕೊಂಡು ರಾತ್ರಿಯಲ್ಲಿ ಗಾಯಪಟ್ಟ ಸಿಪಾಯಿಗಳ ಹಾಸಿಗೆಗಳ ನಡುವೆ ತಿರುಗುತ್ತಿದ್ದ ಫ್ಲಾರೆನ್ಸ್ ನೈಟಿಂಗೇಲಮ್ಮನವರ ಕಥೆಯನ್ನು ನಮ್ಮಲ್ಲಿ ಅನೇಕರು ಕೇಳಿರುವರು. ಆದರೆ ಆ ದೀಪದ ರಾತ್ರಿಗಳು ಎರಡು ವರುಷಗಳೊಳಗೆ ತೀರಿದವೆಂತಲೂ, ತರುವಾಯ ಅವರು ಬಹುಕಾಲ ರೋಗಿಯಾಗಿಯೇ ಬಾಳಿದರೆಂತಲೂ ಬಲ್ಲವರು ಕಡಿಮೆ. ನಾವು ಇಲ್ಲಿ ಹೇಳತಕ್ಕದ್ದು ಆ ಎರಡನೆಯ ಭಾಗವನ್ನೇ.

ಅವರು 1820ನೇ ಮೇ 12ರಲ್ಲಿ ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಐಶ್ವರ್ಯವಂತರಾದ ಇಂಗ್ಲಿಷ್ ತಂದೆತಾಯಿಗಳಿಗೆ ಹುಟ್ಟಿದರು. ಮನೆಯವರ ವಿರೋಧವನ್ನು ತಾಳಿಕೊಂಡು 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ಟಿನಲ್ಲಿ ರೋಗಿಗಳ ಆರೈಕೆಯನ್ನು ಕಲಿತರು. 1854ರ ನವೆಂಬರದಲ್ಲಿ 38 ಮಂದಿ ದಾದಿಯರೊಂದಿಗೆ ತುರ್ಕಿಯ ಸ್ಕುತಾರಿಯಲ್ಲಿದ್ದ ದಂಡಿನ ಆಸ್ಪತ್ರೆಗೆ ಬಂದರು. ಮುಂದಿನ ಮೇ ತಿಂಗಳಲ್ಲಿ ಕ್ರಿಮಿಯಾದ ಬಾಲಕ್ಲಾವಕ್ಕೆ ಹೋದಾಗ ಕಠಿಣ ಜ್ವರ ಹಿಡಿದು ಮರಣದ ಬಾಗಲಿನ ವರೆಗೆ ಹೋದರು. ಜ್ವರ ಬಿಟ್ಟ ಮೇಲೆ ಪೂರಾ ಬಲ ಬರುವ ಮೊದಲೇ ಕೆಲಸಕ್ಕೆ ನಿಂತರು. 1856ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಸೈನ್ಯದ ಆರೋಗ್ಯದ ವಿಚಾರಣೆಗಾಗಿ ಹಗಲಿರುಳು ದುಡಿದು, 1857ರ ಆಗಸ್ಟಿನಲ್ಲಿ ಕುಸಿದುಬಿದ್ದರು. ಆಗ ಅವರಿಗೆ 37 ವಯಸ್ಸು. ಎದೆಬಡಿತ, ನಿದ್ರಾಹೀನತೆ, ಊಟ ಸೇರದಿರುವದು, ಹೇಳತೀರದ ನಿತ್ರಾಣ. 1861ರ ಡಿಸೆಂಬರದ ಬಳಿಕ ಬೆನ್ನೆಲುಬಿನ ನೋವಿನಿಂದ ಕೆಲವು ವರುಷ ನಡೆಯಲಾರದೇ ಹೋದರು.

ಈ ರೋಗ ಯಾವದೆಂದು ಆ ಕಾಲದ ವೈದ್ಯರಿಗೆ ತಿಳಿಯಲಿಲ್ಲ. ಇದು ಮನಸ್ಸಿನ ಬೇನೆಯೇ ಎಂದು 1974ರಲ್ಲಿಯೂ ಒಬ್ಬ ಪ್ರಸಿದ್ಧ ವೈದ್ಯರು ಪುಸ್ತಕ ಬರೆದರು. 1995ರಲ್ಲಿ ಯಂಗ್ ಎಂಬವರು, ಕಾಯಿಸದ ಹಾಲಿನಿಂದ ಬರುವ ಬ್ರುಸೆಲ್ಲಾ ಜ್ವರವು ಮೈಯಲ್ಲಿ ಉಳಿದುಕೊಂಡದ್ದೇ ಕಾರಣವಾಗಿರಬಹುದೆಂದು ವಾದಿಸಿದರು. ನಮಗೆ ಈ ಮಾತು ಹೆಚ್ಚು ಸಮಂಜಸವಾಗಿ ತೋರುತ್ತದೆ. ದನ ಆಡುಗಳು ಕಂದು ಹಾಕಿದಾಗ ಬರಿಗೈಯಿಂದ ಮುಟ್ಟಬಾರದೆಂದು ಪಶುವೈದ್ಯರು ಹೇಳುವದು ಈ ಜ್ವರದ ದೆಸೆಯಿಂದಲೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ನಮ್ಮವರಿಗೆ ಈ ವಿಷಯ ದೂರದ್ದಲ್ಲ. ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡುಬಂದ ಮಂಗನ ಕಾಯಿಲೆಯು ದರಕು ತರಹೋದವರಿಗೆ ಉಣುಗಿನ ಕಡಿತದಿಂದ ತಗಲಿ, ಸಿದ್ದಾಪುರದ ಹಳ್ಳಿಗಳಿಗೂ ಬಂದಿರುವದು. ಆ ಜ್ವರ ಇಳಿದರೂ ಕೆಲವರಿಗೆ ಬಲ ಬರಲು ತಿಂಗಳುಗಳೇ ಹಿಡಿಯುವವು. ಅಂಥ ಹೆಂಗಸು ಅಡಿಕೆ ಸುಲಿಯುವ ಕಾಲದಲ್ಲಿ ಕೂತಲ್ಲಿಯೇ ಒರಗಿದರೆ ಮೈಗಳ್ಳಿ ಎಂಬ ಹೆಸರು ಬೇಗನೆ ಸಿಕ್ಕುವದು, ಮದ್ದು ಸಿಕ್ಕುವದು ತಡ.

ಎಲ್ಲಾ ದಣಿವೂ ಒಂದೇ ಅಲ್ಲ. ರಕ್ತ ಕಡಿಮೆಯಾದರೂ, ಥೈರಾಯ್ಡ್ ಗ್ರಂಥಿ ಸೋತರೂ, ಸಕ್ಕರೆ ರೋಗ, ಕ್ಷಯ, ಮಲೇರಿಯಗಳಿದ್ದರೂ ಮನುಷ್ಯನು ಕುಗ್ಗುವನು. ಇವುಗಳಿಗೆ ಔಷಧವುಂಟು, ಆದಕಾರಣ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯಾಗಬೇಕು. ಇವೊಂದೂ ಇಲ್ಲದೆ, ಹಿಂದೆ ಮಾಡುತ್ತಿದ್ದ ಕೆಲಸವನ್ನು ಆರು ತಿಂಗಳಿಗೂ ಹೆಚ್ಚು ಕಾಲ ಮಾಡಲಾರದೆ, ನಿದ್ರೆಯಿಂದಲೂ ಆಯಾಸ ಕಳೆಯದೆ, ತುಸು ದುಡಿದರೆ ಮರುದಿನ ಹಾಸಿಗೆ ಹಿಡಿಯುವಂತಾಗಿ, ಬುದ್ಧಿಗೆ ಮಂಕು ಇಲ್ಲವೆ ಎದ್ದು ನಿಂತರೆ ತಲೆಸುತ್ತು ಇದ್ದರೆ, ಅದು ದೀರ್ಘ ಆಯಾಸದ ರೋಗವೆಂದು 2015ರಲ್ಲಿ ಅಮೇರಿಕದ ಪಂಡಿತರು ಗೊತ್ತುಮಾಡಿದರು. ಅದನ್ನು ತೋರಿಸಿಕೊಡುವ ರಕ್ತಪರೀಕ್ಷೆಯಿಲ್ಲ, ಗುಣಪಡಿಸುವ ಗುಳಿಗೆಯೂ ಇಲ್ಲ. ಆ ರೋಗಿಗಳ ಹೆಸರಿನಲ್ಲಿ ಆಚರಿಸುವ ದಿನಕ್ಕೆ 1992ರಲ್ಲಿ ಮೇ 12ನ್ನೇ, ಅಂದರೆ ನೈಟಿಂಗೇಲಮ್ಮನವರ ಜನ್ಮದಿನವನ್ನೇ ಆರಿಸಿಕೊಂಡರು. ವ್ಯಾಯಾಮವನ್ನು ದಿನೇ ದಿನೇ ಏರಿಸುವ ಪದ್ಧತಿಯನ್ನು ಇವರಿಗೆ ವಿಧಿಸಬಾರದೆಂದು 2021ರಲ್ಲಿ ಇಂಗ್ಲೆಂಡಿನ ಆರೋಗ್ಯ ಮಂಡಲಿಯು ತಿಳಿಸಿತು. ಇದ್ದ ಬಲವನ್ನು ಅಳೆದು ಖರ್ಚುಮಾಡುವದೇ ಈಗಿನ ಉಪಾಯ.

ನೈಟಿಂಗೇಲಮ್ಮನವರು ಯಾರೂ ಕಲಿಸದೆ ಇದನ್ನೇ ಮಾಡಿದರು. ಮುಂಚಿತವಾಗಿ ಗೊತ್ತುಮಾಡಿದ ಹೊತ್ತಿಗೆ ಒಬ್ಬೊಬ್ಬರನ್ನೇ ನೋಡುವರು, ಸಭೆ ಮೆರವಣಿಗೆಗಳಿಗೆ ಹೋಗರು. ಉಳಿದದ್ದೆಲ್ಲಾ ಮಂಚದ ಮೇಲಿನಿಂದ ಕಾಗದಗಳಲ್ಲಿ. ಹೀಗೆ ಮಲಗಿಕೊಂಡೇ ಹಿಂದುಸ್ಥಾನದ ದಂಡಿನ ಠಾಣ್ಯಗಳಿಗೆಲ್ಲಾ ಪ್ರಶ್ನೆಪಟ್ಟಿಗಳನ್ನು ಕಳುಹಿಸಿ, ಇಲ್ಲಿಯ ಇಂಗ್ಲಿಷ್ ಸಿಪಾಯಿಗಳಲ್ಲಿ ಸಾವಿರಕ್ಕೆ 69 ಮಂದಿ ವರುಷವರುಷವೂ ಸಾಯುವದಕ್ಕೆ ಹೊಲಸು ನೀರೂ ಚರಂಡಿಯಿಲ್ಲದಿರುವದೂ ಕಾರಣವೆಂದು 1863ರ ವರದಿಯಲ್ಲಿ ತೋರಿಸಿದರು. ನಮ್ಮ ದೇಶವನ್ನು ಅವರು ಕಣ್ಣಾರೆ ಕಾಣಲೇ ಇಲ್ಲ. 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ, ರೋಗಿಯ ಬಳಿಯಲ್ಲಿ ಪಿಸುಗುಟ್ಟುವವರನ್ನೂ, ಸುಮ್ಮನೆ ಧೈರ್ಯ ಹೇಳಿ ಬುದ್ಧಿವಾದ ಸುರಿಯುವವರನ್ನೂ ಬಿಡದೆ ಖಂಡಿಸಿದ್ದಾರೆ.

ಆದರೆ ಒಂದನ್ನು ಮರೆಮಾಡಲಾರೆವು. ಮೂತ್ರಪಿಂಡದ ರೋಗದಿಂದ ಸೊರಗುತ್ತಿದ್ದ ಸ್ನೇಹಿತ ಸಿಡ್ನಿ ಹರ್ಬರ್ಟರು ಕೆಲಸ ಬಿಡುತ್ತೇನೆಂದಾಗ ಅವರು ಕರುಣಿಸದೆ ಒತ್ತಾಯಪಡಿಸಿದರು. ಹರ್ಬರ್ಟರು 1861ರ ಆಗಸ್ಟಿನಲ್ಲಿ ತೀರಿಹೋದರು. ಬೇನೆ ಬಲ್ಲವರಿಗೂ ಪರರ ಬೇನೆ ಕಾಣುವದು ಕಷ್ಟವೇ. ಇದಲ್ಲದೆ ಅವರಿಗೆ ಹಣವೂ ಆಳುಕಾಳುಗಳೂ ಇದ್ದವು. ಕೂಲಿಯ ಹೆಂಗಸಿಗೆ ಅವಿಲ್ಲ. ಆಕೆ ಮಲಗಬೇಕಾದರೆ ಬಾವಿಯ ಕೊಡವನ್ನು ಅತ್ತೆಯೋ, ಗಂಡನೋ, ನೆರೆಯವಳೋ ಹೊರಬೇಕು.

1880ರ ಬಳಿಕ ಅವರ ನೋವು ಮೆಲ್ಲಮೆಲ್ಲನೆ ಇಳಿದು, ಮುಖದಲ್ಲಿ ಗೆಲುವು ಬಂತು. ಕೊನೆಗೆ ಕಣ್ಣು ಮಾತ್ರ ಮಂಜಾಯಿತು. 1910ನೇ ಆಗಸ್ಟ್ 13ರಲ್ಲಿ, 90 ವರುಷ ತುಂಬಿದವರಾಗಿ, ಲಂಡನ್ನಿನ ಮನೆಯಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡರು.